ಅಚ್ಚುಬೆಲ್ಲ ಅವಳ ಮಡಿಲಿಗೆ

ಈ ಕಥೆಯಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ಮೀಸೆಯ ಎಡಭಾಗ ಇವತ್ತೇ ಉದುರಿಹೋಗಲಿ. ಬಲಭಾಗದ ಮೇಲೆ ಆಣೆ ಇಡಲು ಆಗುವುದಿಲ್ಲ. ಅದನ್ನು ಹೋದ ಸಲ ಹೇಳಿದ ಹುಲಿಯ ಕಥೆಗೆ ಒತ್ತೆ ಇಟ್ಟಿದ್ದೇನೆ, ಇನ್ನೂ ಬಿಡಿಸಿಕೊಂಡಿಲ್ಲ.

ತಂಗಿಯ ಮನೆಗೆ ಹೋಳಿಗೆ ಊಟಕ್ಕೆಂದು ಬಸ್ಸು ಹತ್ತಿದವನು ಕಿಟಕಿಗೆ ತಲೆ ಒರಗಿಸಿ ನಿದ್ದೆ ಹೋದೆ. ಎದ್ದಾಗ ಬಸ್ಸಿರಲಿಲ್ಲ, ನಾನು ಕೂತಿದ್ದ ಸೀಟು ಮಾತ್ರ ಇತ್ತು. ಸೀಟಿನ ಮುಂದೆ ಒಂದು ಊರಿತ್ತು. ಯಾವ ಊರೆಂದು ಟಿಕೆಟ್ಟು ನೋಡಿದೆ. ಊರಿನ ಹೆಸರಿದ್ದ ಜಾಗದಲ್ಲೇ ಕಂಡಕ್ಟರು ತೂತು ಹೊಡೆದಿದ್ದ. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಕೂತು ಅಳುತ್ತಿದ್ದರು. ನಾನು ಪಂಚೆ ಕೊಡವಿಕೊಂಡು ಊರೊಳಗೆ ನಡೆದೆ.

ಆ ಊರಿನಲ್ಲಿ ಒಂದು ಕಟ್ಟಳೆ. ಯಾರಿಗೆ ಕೈ ಆಡುವುದಿಲ್ಲವೋ, ಯಾರಿಗೆ ಕಾಲು ನಡೆಯುವುದಿಲ್ಲವೋ, ಯಾರಿಗೆ ಕಣ್ಣು ಕಾಣುವುದಿಲ್ಲವೋ, ಅವರಿಗೆ ಅರಮನೆ ಕೈಗಳನ್ನು ಕಳಿಸುತ್ತದೆ. ಕೈಗಳೆಂದರೆ ಬರೀ ಕೈಗಳಲ್ಲ, ಹಿಂದೆ ಮನುಷ್ಯರೂ ಇರುತ್ತಿದ್ದರು. ಆದರೆ ಊರೆಲ್ಲ ಅವರನ್ನು ಕೈಗಳು ಎಂದೇ ಕರೆಯುತ್ತಿತ್ತು. ಕೈಗಳಿಗೆ ಬಾಯಿ ಯಾತಕ್ಕೆ ಎಂದು ಅವರ ಬಾಯಿಗೆ ಬಿಳಿ ಬಟ್ಟೆ ಕಟ್ಟಿತ್ತು.

ಕೈಗಳು ನಡೆಯುವುದು ನಗಾರಿಯ ಮಾತಿನಂತೆ. ಅರಮನೆಯ ಮಾಳಿಗೆಯ ಮೇಲೆ ಆನೆಯ ಹೊಟ್ಟೆಯಷ್ಟು ದೊಡ್ಡ ನಗಾರಿ. ಮೊದಲ ನಗಾರಿಗೆ ಮೀಯಿಸುತ್ತಿದ್ದರು. ಎರಡನೆಯ ನಗಾರಿಗೆ ಉಡಿಸಿ, ತಲೆ ಬಾಚಿ ಉಣಿಸುತ್ತಿದ್ದರು. ಮೂರನೆಯ ನಗಾರಿಗೆ ಮಲಗಿಸುತ್ತಿದ್ದರು. ಊರಿನಲ್ಲಿ ಎಷ್ಟು ಜನರಿದ್ದಾರೋ ಅಷ್ಟೂ ಜನರಿಗೆ ಒಟ್ಟಿಗೇ ನೀರು, ಒಟ್ಟಿಗೇ ಉಪ್ಪಿಟ್ಟು, ಒಟ್ಟಿಗೇ ಚಾಪೆ. ದಡ್ ಅಂದರೆ ಚಮಚ ಮೇಲಕ್ಕೆ. ದಡ್ ಅಂದರೆ ಚಮಚ ಬಾಯಿಗೆ. ದಡ್ ಅಂದರೆ ಅಗಿ. ಹಸಿವಾಗಿದೆಯೋ ಇಲ್ಲವೋ ಎಂದು ಕೇಳುವುದಕ್ಕೆ ನಗಾರಿಗೆ ಬಾಯಿಲ್ಲ, ಕೈಗಳ ಬಾಯಿಗೆ ಬಟ್ಟೆ.

ಮೂರನೆಯ ನಗಾರಿ ಹೊಡೆಯುತ್ತಿದ್ದದ್ದು ಹೊತ್ತು ಮುಳುಗುವ ಮುಂಚೆಯೇ. ನಗಾರಿಯವನಿಗೆ ಮನೆಗೆ ಹೋಗಿ ಮುದ್ದೆ ತಿರುವುವುದಿರುತ್ತಿತ್ತು.

ಕೈಗಳಿಗೆ ಸಂಬಳ ಬೆಲ್ಲ. ಆ ಊರಿನಲ್ಲಿ ಎಲ್ಲದಕ್ಕೂ ಬೆಲ್ಲವೇ, ಉಪ್ಪು ಕೊಂಡರೂ ಬೆಲ್ಲ ಮುರಿದು ಕೊಡಬೇಕು. ಆದರೆ ಬೆಲ್ಲವನ್ನು ರುಚಿ ನೋಡದೆ ಮುಂದೆ ದಾಟಿಸುವುದು ಅಲ್ಲಿ ಮಹಾ ಅಪರಾಧ. ಅಚ್ಚು ಅರಮನೆಯ ಉಗ್ರಾಣದಿಂದ ಒರಳುಕಲ್ಲಿನಷ್ಟು ಹೊರಡುತ್ತಿತ್ತು. ಮಂತ್ರಿ ನೆಕ್ಕಿ ಉಪಮಂತ್ರಿಗೆ ಕೊಡುತ್ತಿದ್ದರು, ಉಪಮಂತ್ರಿ ನೆಕ್ಕಿ ಪಾರುಪತ್ತೇಗಾರನಿಗೆ, ಪಾರುಪತ್ತೇಗಾರ ನೆಕ್ಕಿ ದಫೇದಾರನಿಗೆ, ದಫೇದಾರ ಎರಡೂ ಕಡೆ ನೆಕ್ಕಿ ಕೈಗಳಿಗೆ. ಕೈಗಳಿಗೆ ಮುಟ್ಟುವಾಗ ಅದು ನಿಂಬೆಹಣ್ಣಿನಷ್ಟಿರುತ್ತಿತ್ತು. ಕದ್ದವರು ಯಾರೂ ಇಲ್ಲ ನೋಡಿ. ಎಲ್ಲರೂ ನಿಯಮದಂತೆ ನೆಕ್ಕಿದವರೇ.

ನಾನು ಊರೊಳಗೆ ಕಾಲಿಟ್ಟದ್ದು ಎರಡನೆಯ ನಗಾರಿಯ ಹೊತ್ತಿಗೆ. ಆ ದಿನ ನಗಾರಿಯವನು ತನ್ನ ಪಾಲಿನ ಬೆಲ್ಲವನ್ನು ನಗಾರಿಯ ಮೇಲೇ ಇಟ್ಟು ಬೆಳಿಗ್ಗೆ ಒಂದು ಸಣ್ಣ ನಿದ್ದೆ ತೆಗೆದಿದ್ದನಂತೆ. ಅರಮನೆಯ ಎಮ್ಮೆ ಮೆಟ್ಟಿಲು ಹತ್ತಿ ಬಂದು ಬೆಲ್ಲ ನೆಕ್ಕಿತು, ಬೆಲ್ಲ ಮುಗಿದ ಮೇಲೆ ಬೆಲ್ಲದ ವಾಸನೆ ನೆಕ್ಕಿತು, ವಾಸನೆ ಮುಗಿದ ಮೇಲೆ ಚರ್ಮ ನೆಕ್ಕಿತು. ಎಮ್ಮೆಯ ನಾಲಿಗೆ ಅರದ ಹಾಗಿರುತ್ತದೆ. ಎರಡನೆಯ ನಗಾರಿ ಹೊಡೆಯುತ್ತಾ ಅರ್ಧಕ್ಕೆ ಬಂದು ಅವನು ಕೋಲೆತ್ತಿ ಬೀಸಿದ್ದೇ ತಡ, ಕೋಲು ಒಳಗೆ ಹೋಯಿತು. ಕೋಲಿನ ಹಿಂದೆ ಅವನೂ ಹೋದ.

ಊರು ನಿಂತುಬಿಟ್ಟಿತು.

ಪೆಟ್ಟು ಕೇಳಿದರೆ ಮಾಡು, ಕೇಳದಿದ್ದರೆ ನಿಲ್ಲು ಎಂದು ಕೈಗಳಿಗೆ ಕಲಿಸಿತ್ತು. ಒಂದು ಜಗಲಿಯ ಮೇಲೆ ಕಣ್ಣು ಕಾಣದ ತಾತನೊಬ್ಬ ಬಾಯಿ ತೆರೆದು ಕೂತಿದ್ದ, ಅವನ ಮೂಗಿನ ಮುಂದೆ ಚಮಚ ಗಾಳಿಯಲ್ಲಿ ನಿಂತಿತ್ತು.

"ಯಾರಪ್ಪ ಅದು ಹೆಜ್ಜೆ ಸದ್ದು?" ಎಂದ ತಾತ. "ಈ ಚಮಚ ಬರ್ತಾ ಇದೆಯೋ, ಹೋಗ್ತಾ ಇದೆಯೋ ನೋಡಿ ಹೇಳಿ."

"ನಿಂತಿದೆ ತಾತ."

"ನಿಂತಿದೆಯಾ?" ಎಂದು ತಾತ ಕೈಚಾಚಿ ತಡವಿ ಚಮಚ ಕಿತ್ತುಕೊಂಡು ತಾನೇ ಉಣ್ಣತೊಡಗಿದ. ನನಗೆ ಆಶ್ಚರ್ಯ. ನಿಮಗೆ ಉಣ್ಣೋಕೆ ಬರುತ್ತಾ ಎಂದು ಕೇಳಿದೆ. "ಬರದೇ ಏನು? ಕಣ್ಣು ತಾನೇ ಕಾಣದ್ದು, ಬಾಯಿ ಎಲ್ಲಿದೆ ಅಂತ ನಂಗೆ ಗೊತ್ತು. ನಂಗೆ ಬೇಕಾಗಿದ್ದದ್ದು ಪೇಟೆವರೆಗೆ ಕೈಹಿಡಿದು ಕರ್ಕೊಂಡು ಹೋಗೋರು. ಅದಕ್ಕೆ ಪೆಟ್ಟಿಲ್ಲವಂತೆ. ಉಣಿಸೋಕೆ ಮಾತ್ರ ಇದೆಯಂತೆ."

ಪಕ್ಕದ ಮನೆಯಿಂದ ಕರೆ ಬಂತು. "ಯಾರ ಜೊತೆ ಮಾತು ತಾತ? ಮೀಸೆ ಇರೋರಾ? ಒಳಗೆ ಕಳಿಸು."

ಧ್ವನಿಯಲ್ಲೇ ಮೀಸೆ ಪತ್ತೆ ಹಚ್ಚಿದ ಹೆಂಗಸನ್ನು ನಾನು ಅದುವರೆಗೆ ಕಂಡಿರಲಿಲ್ಲ. ಒಳಗೆ ಹೋದೆ. ಗಾಲಿಕುರ್ಚಿಯ ಮೇಲೆ ಒಬ್ಬಳು ಕೂತಿದ್ದಳು, ಮುಖ ಗೋಡೆಯ ಕಡೆಗೆ. ಬೆನ್ನ ಹಿಂದೆ ದೊಡ್ಡ ಕಿಟಕಿ. ತಲೆಯ ಅರ್ಧ ಭಾಗ ಜಡೆ, ಅರ್ಧ ಭಾಗ ಗೀಜಗನ ಗೂಡು. ಬಾಚಣಿಗೆ ಹಿಡಿದ ಕೈ, ಅಂದರೆ ಬಾಯಿಗೆ ಬಟ್ಟೆ ಕಟ್ಟಿದ ಒಬ್ಬ ಹೆಂಗಸು, ಪಕ್ಕದಲ್ಲಿ ಕಂಬದ ಹಾಗೆ ನಿಂತಿದ್ದಳು.

ಊರಿನವರು ಅವಳನ್ನು ಕಿಟಕಿಯವಳು ಎನ್ನುತ್ತಿದ್ದರು. ಆ ಕಿಟಕಿಯಿಂದ ಅವಳ ಬೆನ್ನು ಎಲ್ಲರಿಗೂ ಕಾಣುತ್ತಿತ್ತು, ಅದಕ್ಕೆ. ಕುರ್ಚಿ ಇಡು ಎಂದು ನಗಾರಿ ಹೇಳುತ್ತಿತ್ತು. ಯಾವ ಕಡೆಗೆ ಎಂದು ಹೇಳುತ್ತಿರಲಿಲ್ಲ. ಕತ್ತಿನಿಂದ ಕೆಳಗೆ ಮೈ ಅವಳ ಮಾತು ಕೇಳುತ್ತಿರಲಿಲ್ಲ. ಕತ್ತಿನಿಂದ ಮೇಲೆ ಅವಳು ಯಾರ ಮಾತೂ ಕೇಳುತ್ತಿರಲಿಲ್ಲ.

"ಮಾವ," ಎಂದಳು, ಮುಖ ನೋಡುವ ಮುಂಚೆಯೇ ನೆಂಟಸ್ತಿಕೆ ಕಟ್ಟಿಬಿಟ್ಟಳು, "ಊರಿಗೆ ಹೊಸಬರ ಹಾಗಿದ್ದೀರಿ. ಇಲ್ಲಿಯ ಜನ ಅರಮನೆಯ ಕೆಲಸ ಅಂತ ಹತ್ರ ಬರಲ್ಲ. ಈ ಇನ್ನೊಂದು ಜಡೆ ಮುಗಿಸಿ."

ನಾನು ಹೆಣೆಯದ ಜಡೆ ಇಲ್ಲ ತಾಯಿ, ಒಂದು ಸಲ ಸರ್ಕಸ್ಸಿನ ಸಿಂಹಕ್ಕೂ ಹೆಣೆದಿದ್ದೇನೆ ಎಂದೆ.

"ಸಿಂಹ ಏನಂತು?"

"ಕಣ್ಣೀರು ಹಾಕ್ತು."

"ನಂಗೂ ಅದೇ ಆಗ್ತಾ ಇದೆ. ಮೆಲ್ಲಗೆ ಎಳೀರಿ."

ಜಡೆ ಮುಗಿಯಿತು. ಸೊಟ್ಟಗಿತ್ತು, ಆದರೆ ಮುಗಿಯಿತು. ಆಮೇಲೆ ಅವಳು ಕುರ್ಚಿಯನ್ನು ಈಚೆ ತಿರುಗಿಸಿ ಎಂದಳು. ತಿರುಗಿಸಿದೆ. ಕಿಟಕಿಯ ಹೊರಗೆ ಒಂದು ಓಣಿ, ಒಂದು ಬೇಲಿ, ಬೇಲಿಯ ಮೇಲೆ ಒಣಗುತ್ತಿದ್ದ ಯಾರದೋ ಹಳದಿ ಲಂಗ, ಕೆಳಗೆ ಒಂದು ಕೋಳಿ. ಇಷ್ಟೇ. ಅವಳು ಬಹಳ ಹೊತ್ತು ಕೋಳಿಯನ್ನೇ ನೋಡಿದಳು.

"ಕೋಳಿಗೆ ಒಂದು ಕಾಲು ಕುಂಟು," ಎಂದಳು ಕೊನೆಗೆ. "ಆದ್ರೂ ಎಲ್ಲಿಗೆ ಬೇಕೋ ಅಲ್ಲಿಗೆ ಹೋಗ್ತಾ ಇದೆ. ಮಾವ, ನನ್ನನ್ನ ಅರಮನೆಗೆ ತಳ್ಳಿಕೊಂಡು ಹೋಗಿ."

ಆ ಕುರ್ಚಿಯ ಗಾಲಿಗಳು ಹೊಸಿಲು ದಾಟಿಯೇ ಇರಲಿಲ್ಲ. ದಾಟಿಸಿದೆ. ಎತ್ತುವುದರಲ್ಲಿ ನಾನು ಹೇಗೆಂದು ನಿಮಗೆ ಗೊತ್ತಿದೆ. ಕುರ್ಚಿ, ಕುರ್ಚಿಯಲ್ಲಿ ಅವಳು, ಅವಳ ಮೇಲೆ ಅವಳ ಸಿಟ್ಟು, ಮೂರನ್ನೂ ಒಟ್ಟಿಗೆ ಎತ್ತಿ ಬೀದಿಗಿಟ್ಟೆ. ದಾರಿಯುದ್ದಕ್ಕೂ ನಿಂತ ಕೈಗಳು. ಒಬ್ಬನ ಕೈಯಲ್ಲಿ ಎಣ್ಣೆಬಟ್ಟಲು ವಾಲಿಕೊಂಡೇ ನಿಂತಿತ್ತು, ಎಣ್ಣೆಯೂ ಅರ್ಧದಾರಿಯಲ್ಲಿ ನಿಂತಿತ್ತು. ಬಾಗಿಲುಗಳ ಹಿಂದೆ ಮಾತ್ರ ಜನ ಒಬ್ಬರಿಗೊಬ್ಬರು ಕದ್ದು ತುತ್ತು ಕೊಡುತ್ತಿದ್ದರು, ಬಳೆಯ ಸದ್ದು ಕೇಳುತ್ತಿತ್ತು.

ಅರಮನೆಯಲ್ಲಿ ದೊರೆ ಸಿಂಹಾಸನದ ಮೇಲೆ ಕೂತಿದ್ದರು, ಅಂಗಿಯ ಒಂದು ತೋಳು ಹಾಕಿಕೊಂಡು. ಇನ್ನೊಂದು ತೋಳನ್ನು ಹಿಡಿದ ಕೈ ಪಕ್ಕದಲ್ಲಿ ಮರಗಟ್ಟಿ ನಿಂತಿತ್ತು. ದೊರೆಗೂ ಕೈಗಳೇ ಉಡಿಸುತ್ತಿದ್ದರು, ಕೈಗಳೇ ರುಮಾಲು ಸುತ್ತುತ್ತಿದ್ದರು. ಎಲ್ಲರೂ ತೋಳಿನ ವಿಷಯ ಕಾಣದವರಂತೆ ನಡೆದುಕೊಳ್ಳುತ್ತಿದ್ದರು, ನಾನೂ ನಡೆದುಕೊಂಡೆ.

"ದೊರೆಯೇ," ಎಂದಳು ಕಿಟಕಿಯವಳು, "ನಂಗೆ ಕೈಗಳನ್ನ ಕಳಿಸಬೇಡಿ. ಆ ಕೈಗಳಿಗೆ ಕೊಡೋ ಬೆಲ್ಲ ಇದೆಯಲ್ಲ, ಅದನ್ನ ನೆಟ್ಟಗೆ ನನ್ನ ಮಡಿಲಿಗೆ ಹಾಕಿ. ಯಾವ ಕೈ ಬೇಕು, ಯಾವಾಗ ಬೇಕು, ಏನು ಮಾಡಬೇಕು, ನಾನು ನೋಡ್ಕೋತೀನಿ."

ಸಭೆಯಲ್ಲಿ ಯಾರದೋ ಕೈಯಿಂದ ವೀಳ್ಯದ ತಟ್ಟೆ ಬಿತ್ತು. ಮಂತ್ರಿ ಎದ್ದು ನಿಂತರು. ಅವರದು ಉದ್ದ ನಾಲಿಗೆ, ತುಟಿ ದಾಟಿ ಆಗಾಗ ಹೊರಗೆ ಬಂದು ಗಾಳಿಯ ರುಚಿ ನೋಡುತ್ತಿತ್ತು.

"ಮಡಿಲಿಗೆ ಹಾಕಿದರೆ ನೀನೇ ತಿಂದುಬಿಟ್ಟರೆ?"

"ಬುದ್ಧಿ, ಒರಳುಕಲ್ಲಿನಷ್ಟು ಬೆಲ್ಲ. ನನ್ನ ಬಾಯಿ ದೊಡ್ಡದು ನಿಜ, ಆದ್ರೆ ಮಾತಿಗೆ."

"ನೀನು ಆರಿಸಿದವರು ಸರಿಯಿಲ್ಲದಿದ್ದರೆ?"

"ಬೇರೆಯವರನ್ನ ನೋಡ್ಕೋತೀನಿ."

"ಅವರೂ ಸರಿಯಿಲ್ಲದಿದ್ದರೆ? ನಿನಗೆ ಆರಿಸುವುದಕ್ಕೆ ಬರುತ್ತದೆ ಎಂದು ಅರಮನೆಗೆ ಹೇಗೆ ಗೊತ್ತಾಗಬೇಕು?"

"ನಿಮ್ಮನ್ನ ದೊರೆ ತಾನೇ ಆರಿಸಿದ್ದು," ಎಂದಳು. "ಆವಾಗ ಅವರಿಗೆ ಬರುತ್ತೋ ಇಲ್ಲವೋ ಅಂತ ಯಾರಾದರೂ ಪರೀಕ್ಷೆ ಮಾಡಿದ್ರಾ?"

ದೊರೆಗೆ ಕೆಮ್ಮು ಬಂತು. ಕೆಮ್ಮು ಎಂದು ಎಲ್ಲರೂ ಒಪ್ಪಿಕೊಂಡೆವು. ಆಮೇಲೆ ದೊರೆ ಹೇಳಿದರು, "ನಗಾರಿಗೆ ಹೊಸ ಚರ್ಮ ಬಿಗಿದು ಒಣಗಬೇಕು. ಅದು ಒಣಗುವವರೆಗೆ ಬೆಲ್ಲ ಈಕೆಯ ಮಡಿಲಿಗೆ ಹೋಗಲಿ. ಒಣಗಿದ ದಿನ ನಾನೇ ಬಂದು ನೋಡುತ್ತೇನೆ. ಸರಿಯಿಲ್ಲ ಅನ್ನಿಸಿದರೆ ಮತ್ತೆ ನಗಾರಿಯೇ."

ಹೀಗೆ ಮಂತ್ರಿಯ ನಾಲಿಗೆಯೊಂದನ್ನು ಬಿಟ್ಟು ಬೇರೆ ಯಾರ ನಾಲಿಗೆಯೂ ಮುಟ್ಟದ ಅಚ್ಚುಬೆಲ್ಲ ಅವಳ ಮಡಿಲಿಗೆ ಬಂತು. ಮಡಿಲು ತುಂಬಿ ಅವಳ ಗದ್ದಕ್ಕೆ ತಾಗುತ್ತಿತ್ತು. ಬರುವಾಗ ಹಿಂದೆ ಇರುವೆಗಳ ಮೆರವಣಿಗೆ. ಕುರ್ಚಿ ತಳ್ಳುವ ನಾನು, ಕುರ್ಚಿಯಲ್ಲಿ ಅವಳು, ಅವಳ ಮಡಿಲಲ್ಲಿ ಬೆಲ್ಲ, ಬೆಲ್ಲದ ಹಿಂದೆ ಊರಿನ ಇರುವೆಯೆಲ್ಲ. ಅಂಥ ವೈಭವ ಆ ದೊರೆಯ ಪಟ್ಟಾಭಿಷೇಕಕ್ಕೂ ಇರಲಿಲ್ಲವೆಂದು ತಾತ ಹೇಳಿದ. ಕಣ್ಣು ಕಾಣದಿದ್ದರೂ ಹೇಳಿದ.

ಮನೆಗೆ ಬಂದ ಮೇಲೆ ಅವಳು, "ಮಾವ, ಅಚ್ಚು ಎತ್ತಿ ಹಿಡೀರಿ, ರುಚಿ ನೋಡ್ಬೇಕು," ಎಂದಳು. ಒಂದು ಮೂಲೆ ನೆಕ್ಕಿದಳು. ಯಾರು ನೆಕ್ಕುವುದಿಲ್ಲ ಹೇಳಿ. ಆಚೆ ಬದಿಯಿಂದ ನಾನೂ ಒಂದಿಷ್ಟು ನೆಕ್ಕಿದೆ, ಎತ್ತಿ ಹಿಡಿದ ಕೂಲಿ ಎಂದು.

ಆಮೇಲೆ ಕೈಗಳ ಆಯ್ಕೆ. ಬೆಲ್ಲದ ವಾಸನೆಗೆ ಊರಿನವರು ಬಾಗಿಲಲ್ಲಿ ಸಾಲು ನಿಂತಿದ್ದರು. ಒಬ್ಬ ಮೂಗೊರೆಸಿಕೊಂಡ ಕೈಯಲ್ಲೇ ನಮಸ್ಕಾರ ಮಾಡಿದ, ಅವನನ್ನು ಕಳಿಸಿದಳು. ಒಬ್ಬಳು ಬಂದ ಕೂಡಲೇ ಅಯ್ಯೋ ಪಾಪ ಎಂದಳು, ಅವಳನ್ನು ಇನ್ನೂ ಬೇಗ ಕಳಿಸಿದಳು. ಕೊನೆಗೆ ನನ್ನ ಕಡೆ ತಿರುಗಿ, "ನೀವೇ ಇರಿ ಮಾವ. ನಿಮಗೆ ಏನೂ ಬರಲ್ಲ, ಆದ್ರೆ ಹೇಳಿದ್ದು ಕೇಳಿಸುತ್ತೆ," ಎಂದಳು. ಜೀವಮಾನದಲ್ಲಿ ನಾನು ಸೇರಿದ ಮೊದಲ ನೌಕರಿ ಅದು. ಬೆಲ್ಲದ ಸಂಬಳ, ಬಾಯಿಗೆ ಬಟ್ಟೆ ಇಲ್ಲ.

ಆ ದಿನಗಳು ಹೇಗಿದ್ದವು ಎಂದರೆ, ಅವಳು ಹಸಿದಾಗ ಉಂಡಳು. ಸೆಕೆಯಾದಾಗ ಮಿಂದಳು. ಒಂದು ದಿನ ಬೇಡವೇ ಬೇಡ ಎಂದು ಮೀಯದೇ ಕೂತಳು, ಊರಿನಲ್ಲಿ ಅದೊಂದು ಸುದ್ದಿಯಾಯಿತು. ಉಪ್ಪಿಟ್ಟು ಎಂಬ ಮಾತನ್ನು ಮನೆಯಲ್ಲಿ ಆಡಕೂಡದು ಎಂದಳು. ಒಂದು ಮಧ್ಯಾಹ್ನ ಹಲಸಿನಹಣ್ಣು ಬೇಕೆಂದಳು, ಕೊಟ್ಟೆ. ಸಾಕು ತಾಯಿ, ಹೊಟ್ಟೆ ಕೆಡುತ್ತದೆ ಎಂದೆ. "ಹೊಟ್ಟೆ ಯಾರದು?" ಎಂದಳು. ಕೆಟ್ಟಿತು. ಸಂಜೆಯೆಲ್ಲ ನರಳಿದಳು. ನರಳುತ್ತಲೇ, "ಮಾವ, ಇದು ನಾನೇ ಸಂಪಾದಿಸಿದ ಹೊಟ್ಟೆನೋವು. ನಗಾರಿ ಕೊಟ್ಟದ್ದಲ್ಲ," ಎಂದು ತಾತನಿಗೂ ಕೂಗಿ ಹೇಳಿಸಿದಳು.

ಆ ದಿನಗಳಲ್ಲೇ ಒಂದು ಸಂಜೆ ಹೊತ್ತು ಮುಳುಗಿದ ಮೇಲೆ ಅವಳು ಮೊದಲ ಸಲ ಚಂದ್ರನನ್ನು ನೋಡಿದಳು. ಬೇಲಿಯ ಹಿಂದಿನಿಂದ ಎದ್ದು ಬಂತು. ನಾನು ಅವಳ ಮುಖ ನೋಡುತ್ತಿದ್ದೆ, ಏನು ಹೇಳುತ್ತಾಳೋ ಎಂದು.

"ಇಷ್ಟೇನಾ?" ಎಂದಳು.

ಸ್ವಲ್ಪ ಹೊತ್ತು ಬಿಟ್ಟು, "ನಾಳೆನೂ ನೋಡೋಣ," ಎಂದಳು.

ನಾನು ಬಾಚುವಾಗ ಮಾತ್ರ ಜಗಳ. ನನಗೆ ಕೈ ಆಡಿದರೆ ಬಾಯಿಯೂ ಆಡಬೇಕು. ಸಿಂಹದ ಕಥೆ ಮುಗಿಸಿ ಮೊಸಳೆಯ ಕಥೆಗೆ ಬರುವಷ್ಟರಲ್ಲಿ ಬಾಚಣಿಗೆ ಸಿಕ್ಕಿನಲ್ಲಿ ಸಿಕ್ಕಿಕೊಂಡಿರುತ್ತಿತ್ತು, ನಾನು ಮೊಸಳೆಯ ಬಾಲ ಎಳೆದ ಭಾಗ ಬಂದಾಗ ಅವಳ ಜಡೆಯೂ ಹಾಗೇ ಎಳೆಯಲ್ಪಡುತ್ತಿತ್ತು. "ಮಾವ, ಕಥೆ ಒಳ್ಳೇದೇ, ನನ್ನ ತಲೆ ಬಿಟ್ಟು ಹೇಳಿ," ಎನ್ನುತ್ತಿದ್ದಳು. ನಾನು ಬಿಡಲಿಲ್ಲ. ಅದನ್ನು ಈಗ ಹೇಳಿದರೆ ಸಣ್ಣ ವಿಷಯದ ಹಾಗೆ ಕಾಣುತ್ತದೆ.

ಚರ್ಮ ಒಣಗಿತು.

ಬೆಳಗಾದ ಮೇಲೆ ನೋಡಿದರೆ ಓಣಿಯ ತುದಿಯಲ್ಲಿ ಎತ್ತಿನ ಗಾಡಿ, ಗಾಡಿಯ ಮೇಲೆ ಹೊಸ ಚರ್ಮದ ನಗಾರಿ, ನಗಾರಿಯ ಪಕ್ಕದಲ್ಲಿ ನಗಾರಿಯವನು, ಹಿಂದೆ ಮಂತ್ರಿ, ಅವರ ಹಿಂದೆ ದೊರೆ. ದೊರೆಯ ಅಂಗಿಗೆ ಇನ್ನೂ ಒಂದೇ ತೋಳು, ತೋಳು ಹಿಡಿದ ಕೈಯನ್ನೂ ಹಾಗೆಯೇ ಗಾಡಿಗೆ ಹತ್ತಿಸಿಕೊಂಡು ಬಂದಿದ್ದರು. ಹಿಂದೆ ಊರಿಗೆ ಊರೇ. ಓಣಿಯಲ್ಲಿ ಜಾಗ ಸಾಲದೆ ಕುಂಟುಕೋಳಿ ಬೇಲಿ ಹತ್ತಿತು.

ಕಿಟಕಿಯವಳ ಮುಖ ಬಿಳುಚಿತು. ಅವಳು ನಗಾರಿಯನ್ನು ನೋಡುತ್ತಿದ್ದಳು. ಅದರ ಒಂದು ಪೆಟ್ಟು ಬಿದ್ದರೆ ಗೋಡೆ, ಉಪ್ಪಿಟ್ಟು, ಹಗಲಲ್ಲೇ ಚಾಪೆ.

ಮಂತ್ರಿ ಒಳಗೆ ಬಂದು ಮೊದಲು ಬೆಲ್ಲ ತರಿಸಿದರು. ಸುತ್ತ ನೋಡಿದರು. "ನಾಲಿಗೆಯ ಗುರುತಿದೆ. ತಿಂದಿದ್ದಾಳೆ."

"ಒಂದು ಮೂಲೆ ನೆಕ್ಕಿದ್ದೀನಿ," ಎಂದಳು ಅವಳು. "ಮಿಕ್ಕಿದ್ದರಲ್ಲಿ ಮಾವನ ಸಂಬಳ ಮುರಿದದ್ದು, ಹಲಸಿನ ಹಣ್ಣಿಗೆ ಮುರಿದದ್ದು, ಸೋಪಿಗೆ ಮುರಿದದ್ದು. ಆ ದೊಡ್ಡ ಗುಳಿ ನಂದಲ್ಲ."

ಗುಳಿ ಯಾರದೆಂದು ಪಂಚಾಯಿತಿ ಶುರುವಾಯಿತು. ದೊರೆ ಎಲ್ಲರೂ ನಾಲಿಗೆ ಚಾಚಬೇಕೆಂದರು. ಅವಳು ಚಾಚಿದಳು, ಗುಳಿಯಲ್ಲಿ ಅವಳ ನಾಲಿಗೆ ಬಾವಿಯಲ್ಲಿ ಬಿದ್ದ ಕಪ್ಪೆಯ ಹಾಗಿತ್ತು. ನಾನು ಚಾಚಿದೆ, ಅಳತೆಗೆ ಬರುವ ಮುಂಚೆ ಒಳಗೆಳೆದುಕೊಂಡೆ. ಮಂತ್ರಿ ಚಾಚಿದರು, ಬೀಗದೊಳಗೆ ಕೀಲಿಕೈ ಕೂತ ಹಾಗೆ ಕೂತಿತು. ಉಗ್ರಾಣದಿಂದ ಹೊರಡುವಾಗ ನಿಯಮದಂತೆ ರುಚಿ ನೋಡಿದ್ದು ಎಂದು ಮಂತ್ರಿ ಹೇಳಿದರು. ನಾಲಿಗೆ ಗುಳಿಯಲ್ಲೇ ಇದ್ದದ್ದರಿಂದ ಸರಿಯಾಗಿ ಕೇಳಿಸಲಿಲ್ಲ.

"ಬೆಲ್ಲದ ಮಾತು ಬಿಡಿ," ಎಂದರು ದೊರೆ. "ನನಗೆ ಒಂದು ಅರ್ಥವಾಗಲಿಲ್ಲ. ಮೊದಲೂ ನಿನಗೆ ಒಬ್ಬರು ಮೀಯಿಸುತ್ತಿದ್ದರು, ಒಬ್ಬರು ಉಣಿಸುತ್ತಿದ್ದರು. ಈಗಲೂ ಒಬ್ಬರು ಮೀಯಿಸುತ್ತಾರೆ, ಒಬ್ಬರು ಉಣಿಸುತ್ತಾರೆ. ಆಗಿನದಕ್ಕೂ ಈಗಿನದಕ್ಕೂ ಏನು ವ್ಯತ್ಯಾಸ? ಅದನ್ನು ನನಗೆ ತೋರಿಸು. ತೋರಿಸದಿದ್ದರೆ ನಗಾರಿ ಬಾರಿಸುತ್ತೇನೆ."

ನಗಾರಿಯವನು ಕೋಲೆತ್ತಿ ಹಿಡಿದ. ನಾನು ಅವಳ ಕಿವಿಯಲ್ಲಿ, "ಚಂದ್ರನ ವಿಷಯ ಹೇಳು ತಾಯಿ, ಇಲ್ಲವೇ ಹಲಸಿನಹಣ್ಣು," ಎಂದೆ. ಅವಳು ನನ್ನ ಮುಖ ನೋಡಿದಳು. ಮೊದಲ ದಿನ ಕೋಳಿಯನ್ನು ನೋಡಿದ್ದು ಬಿಟ್ಟರೆ ಅವಳು ಅಷ್ಟು ಹೊತ್ತು ನೋಡಿದ್ದು ನನ್ನನ್ನೇ.

"ಮಾವ," ಎಂದಳು, "ನಾಳೆಯಿಂದ ನೀವು ಬರಬೇಡಿ."

ನನಗೆ ಕೇಳಿಸಲಿಲ್ಲ. ಕೇಳಿಸಿತು, ಆದರೆ ಕೇಳಿಸಲಿಲ್ಲ.

"ಯಾಕೆ ತಾಯಿ?"

"ಬಾಚುವಾಗ ಎಳೀತೀರಿ. ಹೇಳಿದ್ದೀನಿ, ಮತ್ತೆ ಹೇಳಿದ್ದೀನಿ, ಕೇಳಲಿಲ್ಲ. ಒಳ್ಳೆಯವರು ನೀವು. ಆದ್ರೆ ತಲೆ ನಂದು." ಆಮೇಲೆ ದೊರೆಯ ಕಡೆ ತಿರುಗಿದಳು. "ಇದೇ ವ್ಯತ್ಯಾಸ ದೊರೆಯೇ. ಈಗ ನೀವು ಹೇಳಿ ನೋಡಿ."

"ನಾನೇ? ಯಾರಿಗೆ?"

"ತೋಳು ಹಿಡಿದುಕೊಂಡು ನಿಂತಿದೆಯಲ್ಲ, ಅದಕ್ಕೆ."

ದೊರೆ ನಕ್ಕರು. ನಾನು ದೊರೆ, ಹೇಳಿದರೆ ಯಾರು ಕೇಳುವುದಿಲ್ಲ ಎಂಬ ನಗು. ಕೈಯ ಕಡೆ ತಿರುಗಿ, "ನಾಳೆಯಿಂದ ನೀನು ಬರಬೇಡ," ಎಂದರು.

ಬಟ್ಟೆಯ ಹಿಂದಿನಿಂದ ಮೆಲ್ಲಗೆ ಉತ್ತರ ಬಂತು. "ನಗಾರಿ ಹೇಳಲಿ, ಪ್ರಭು."

"ನಾನು ಹೇಳುತ್ತಿದ್ದೇನೆ."

"ನಗಾರಿ ಹೇಳಲಿ, ಪ್ರಭು."

ದೊರೆಯ ಕಿವಿ ಕೆಂಪಾಯಿತು. ನಗಾರಿಯವನನ್ನು ಕರೆದರು. "ಇವನು ನಾಳೆಯಿಂದ ಬರುವುದು ಬೇಡ ಎಂದು ಹೊಡಿ."

ನಗಾರಿಯವನು ಕೋಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. ಮತ್ತೆ ಈ ಕೈಗೆ ಬದಲಾಯಿಸಿದ. ಚರ್ಮದ ಒಂದು ಮೂಲೆ ಒತ್ತಿ ನೋಡಿದ, ಇನ್ನೊಂದು ಮೂಲೆ ಒತ್ತಿ ನೋಡಿದ.

"ಮೀಯಿಸೋಕೆ, ಉಡಿಸೋಕೆ ಪೆಟ್ಟಿದೆ ಪ್ರಭು. ಬಾಚೋಕೆ, ಉಣಿಸೋಕೆ, ಮಲಗಿಸೋಕೆ ಇದೆ. ಬೇಡ ಅನ್ನೋಕೆ ಇದರಲ್ಲಿ ಪೆಟ್ಟೇ ಇಲ್ಲ."

ಇರುವೆಗಳು ಬೆಲ್ಲ ಕಡಿಯುವ ಸದ್ದು ಕೇಳುತ್ತಿತ್ತು. ದೊರೆ ಅಂಗಿಯಿಲ್ಲದ ತಮ್ಮ ತೋಳನ್ನು ನೋಡಿಕೊಂಡರು. ಆಮೇಲೆ ಕಿಟಕಿಯವಳ ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೇ ಕೂತು, ಮಂತ್ರಿಗೆ ಕೇಳಿಸದ ಹಾಗೆ ಕೇಳಿದರು. ನಾನು ಕುರ್ಚಿಯ ಹಿಂದೆಯೇ ಇದ್ದೆನಾದ್ದರಿಂದ ನನಗೆ ಕೇಳಿಸಿತು.

"ನನ್ನನ್ನೂ ಮೂರನೆಯ ನಗಾರಿಗೇ ಮಲಗಿಸುತ್ತಿದ್ದರು. ನಗಾರಿ ನಿಂತ ಮೇಲೂ ಅಷ್ಟು ಹೊತ್ತಿಗೇ ಕಣ್ಣು ಮುಚ್ಚಿಹೋಗುತ್ತದೆ. ಚಂದ್ರ ಎನ್ನುತ್ತಾರಲ್ಲ, ಹೇಗಿರುತ್ತದೆ ಅದು?"

"ಅಂಥದ್ದೇನಿಲ್ಲ," ಎಂದಳು ಅವಳು. "ಆದ್ರೆ ಒಂದು ಸಲ ನೋಡಿ."

ಅವತ್ತೇ ಹುಕುಂ ಆಯಿತು. ಯಾರಿಗೆ ಕೈ ಬೇಕೋ ಬೆಲ್ಲ ಅವರ ಮಡಿಲಿಗೇ, ನಡುವೆ ನಾಲಿಗೆ ಕೂಡದು. ಆರಿಸಲು ಕಷ್ಟವೆನ್ನುವವರಿಗೆ ಹೇಳಿಕೊಡಲು ಕಿಟಕಿಯವಳು, ಅದಕ್ಕೆ ಅವಳಿಗೆ ಬೇರೆ ಬೆಲ್ಲ. ಅರಮನೆಯ ಕೈಗಳೇ ಬೇಕೆನ್ನುವವರಿಗೆ ಅವೂ ಉಂಟು, ಆದರೆ ಬಾಯಿಗೆ ಬಟ್ಟೆ ಇಲ್ಲ. ತನ್ನ ಬೆಲ್ಲ ಬಂದ ಮರುಗಳಿಗೆಯಲ್ಲೇ ತಾತ ಒಬ್ಬನ ಹೆಗಲು ಹಿಡಿದುಕೊಂಡು ಪೇಟೆಗೆ ಹೋದ, ಕತ್ತಲಾದರೂ ಬರಲಿಲ್ಲ. ಕೈಗಳು ಬಟ್ಟೆ ಬಿಚ್ಚಿದಾಗ ಊರಿನಲ್ಲಿ ಒಂದೇ ಗದ್ದಲ, ಅಷ್ಟು ವರ್ಷದ ಮಾತು ಒಟ್ಟಿಗೆ ಹೊರಗೆ ಬಂತು. ಕಂಬದ ಹಾಗೆ ನಿಂತಿದ್ದ ಬಾಚಣಿಗೆಯ ಹೆಂಗಸು ಮೊದಲು ಹೇಳಿದ ಮಾತು, "ಅಕ್ಕಾ, ನಿಮ್ಮ ಕುರ್ಚಿ ಗೋಡೆ ಕಡೆಗೆ ಇಡುವಾಗೆಲ್ಲ ನಂಗೆ ಈಚೆ ತಿರುಗಿಸಿಬಿಡೋಣ ಅನ್ನಿಸ್ತಿತ್ತು." ದೊರೆಯ ಪಾಲಿಗೂ ಒಂದು ಅಚ್ಚು ಬಂತು. ಅವರು ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ರೀತಿ, ಮೊದಲ ಕೂಸನ್ನು ಎತ್ತಿಕೊಂಡ ಅಪ್ಪನ ಹಾಗೆ.

ಹೊರಡುವ ಮುಂಚೆ ದೊರೆ ನನ್ನ ಕಡೆ ಕೈತೋರಿಸಿ ಅವಳನ್ನು ಕೇಳಿದರು, "ಈ ಮೀಸೆಯವರು ಈಗ ಖಾಲಿ ಇದ್ದಾರಲ್ಲ. ನಾನು ಇಟ್ಟುಕೊಳ್ಳಬಹುದೇ? ಕೆಲಸ ಹೇಗೆ?"

"ಬಾಚಣಿಗೆ ಮಾತ್ರ ಕೊಡಬೇಡಿ ದೊರೆಯೇ," ಎಂದಳು ಕಿಟಕಿಯವಳು. "ಆದ್ರೆ ಎತ್ತುವುದರಲ್ಲಿ ಇಂಥವರು ಇನ್ನೊಬ್ಬರಿಲ್ಲ. ಎತ್ತಿದ್ದೇ ಗೊತ್ತಾಗಲ್ಲ."

ದೊರೆಗೆ ಉದ್ದ ಕೂದಲು, ಹಾಗಾಗಿ ಆ ಮಾತು ಅಲ್ಲಿಗೇ ನಿಂತಿತು.

ನನ್ನನ್ನು ತೆಗೆದದ್ದು ಸಭೆಗಾಗಿ ಆಡಿದ ಮಾತಿರಬೇಕು ಎಂದುಕೊಂಡು ಮರುದಿನ ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಹೋದೆ. ಮುಖ ತೊಳೆದು, ಮೀಸೆಗೆ ಎಣ್ಣೆ ಹಚ್ಚಿ, ಮೊಸಳೆಯ ಕಥೆಯನ್ನು ಮನಸ್ಸಿನಲ್ಲೇ ಚಿಕ್ಕದು ಮಾಡಿಕೊಂಡು ಹೋದೆ. ಬಾಚಣಿಗೆಯ ಹೆಂಗಸು ಅವಳ ಹಿಂದೆ ನಿಂತು ಜಡೆ ಹೆಣೆಯುತ್ತಿದ್ದಳು. ಬಾಯಿತುಂಬ ಮಾತು, ಆದರೂ ಜಡೆ ನೆಟ್ಟಗಿತ್ತು.

"ನಿನ್ನೆ ಹೇಳಿದೆನಲ್ಲ ಮಾವ," ಎಂದಳು ಕಿಟಕಿಯವಳು. ಗಟ್ಟಿಯಾಗಿ ಹೇಳಲಿಲ್ಲ. "ಇವತ್ತು ನಿಮ್ಮನ್ನ ಒಳಗೆ ಕರೆದರೆ ನಿನ್ನೆ ಹೇಳಿದ್ದು ನಾಟಕ ಆಗಿಬಿಡುತ್ತೆ."

ನನ್ನ ಸಂಬಳದ ಬೆಲ್ಲವನ್ನು ಪಂಚೆಯ ತುದಿಗೆ ಕಟ್ಟಿಸಿದಳು, ತಂಗಿಯ ಮನೆಯ ಹೋಳಿಗೆಗೆ ಹಾಕಿಸಿ ಎಂದಳು. ಊರಾಚೆ ಸೀಟು ಇಟ್ಟಲ್ಲೇ ಇತ್ತು. ಕೂತೆ, ಕಣ್ಣು ಮುಚ್ಚಿದೆ, ಸುತ್ತಲೂ ಬಸ್ಸು ಬಂತು.

ಈಗ ನೀವೇ ಹೇಳಿ. ಗೆದ್ದು ಊರಿಗೆ ಉಪಕಾರ ಮಾಡಿದವರು ಬೇಕಾದಷ್ಟು ಜನ ಇದ್ದಾರೆ. ಕೆಲಸದಿಂದ ತೆಗೆಸಿಕೊಂಡು ಒಂದು ಇಡೀ ಊರಿಗೆ ಉಪಕಾರ ಮಾಡಿದವನು ಇಡೀ ಪ್ರಪಂಚದಲ್ಲಿ ನಾನೊಬ್ಬನೇ. ನಾನು ಅಷ್ಟು ಕೆಟ್ಟದಾಗಿ ಬಾಚದೇ ಇದ್ದಿದ್ದರೆ ಅಲ್ಲಿ ಈಗಲೂ ನಗಾರಿ ಬಡಿಯುತ್ತಿತ್ತು.

ಎಲ್ಲ ನಿಜ. ಎಮ್ಮೆ ನಿಜ, ನಾಲಿಗೆ ನಿಜ, ಗಾಳಿಯಲ್ಲಿ ನಿಂತ ಎಣ್ಣೆಯೂ ನಿಜ. ಒಂದು ಸಣ್ಣ ವಿಷಯ ಮಾತ್ರ ನಾನು ಸೇರಿಸಿದ್ದು. ಎತ್ತುವುದರಲ್ಲಿ ಇಂಥವರು ಇನ್ನೊಬ್ಬರಿಲ್ಲ ಎಂದಳು ಅಂದೆನಲ್ಲ, ಅದನ್ನು ಅವಳು ಹೇಳಲಿಲ್ಲ. ಬಾಚಣಿಗೆ ಕೊಡಬೇಡಿ ಎಂದಳು, ಅಲ್ಲಿಗೆ ನಿಲ್ಲಿಸಿದಳು. ಮಿಕ್ಕಿದ್ದನ್ನು ಹೇಳುತ್ತಾಳೆಂದು ನಾನು ಕುರ್ಚಿಯ ಹಿಂದೆ ಸ್ವಲ್ಪ ಹೊತ್ತು ಕಾದೆ.